ಹಫೀಜಾ ಮೇಡಂ ಅಳೆದ ಒತ್ತಡ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ಮಂಡಿಯ ಕೆಳಗೆ ಕಾಲು ಕಳೆದುಕೊಂಡು, ಮತ್ತೆ ಕೃತಕ ಕಾಲಿನ ಮೇಲೆ ನಿಂತು, ಹೊಲಕ್ಕೋ ರೇಷ್ಮೆ ಬಿಚ್ಚುವ ಘಟಕಕ್ಕೋ ಬೊಂಬೆ ಕಾರ್ಖಾನೆಗೋ ನಡೆದು ಹೋಗುತ್ತಿರುವವರನ್ನೆಲ್ಲ ಒಂದು ಕಡೆ ಸೇರಿಸಿದರೆ, ಅವರಲ್ಲಿ ಮುಕ್ಕಾಲು ಪಾಲು ಜನರ ಕಾಲು ಶ್ರೀಮತಿ ಹಫೀಜಾ ಬೇಗಂ ಅವರ ಕೈಯಿಂದ ಬಂದದ್ದಾಗಿರುತ್ತದೆ. ಈ ವಿದ್ಯೆಯಲ್ಲಿ ದೊಡ್ಡ ಹೆಸರು ಮಾಡಿದವರು ದೊಡ್ಡ ಊರುಗಳಲ್ಲಿದ್ದಾರೆ. ಅವರ ಪ್ರಬಂಧಗಳನ್ನು ನಾವೂ ಓದಿ ಕಲಿತಿದ್ದೇವೆ. ಆದರೆ ಕೃತಕ ಕಾಲಿನೊಳಗೆ ಬೀಳುವ ಒತ್ತಡವನ್ನು ಪ್ರಯೋಗಾಲಯದಲ್ಲಿ ಅಳೆದರೆ ಸಾಲದು, ಆ ಕಾಲು ಬದುಕುವ ಅಂಗಳಕ್ಕೇ ಹೋಗಿ ಅಳೆಯಬೇಕು ಎಂದು ಹಟ ಹಿಡಿದು, ಅಳತೆಯ ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದವರು ನನಗೆ ತಿಳಿದಂತೆ ನಮ್ಮ ಸೀಮೆಯಲ್ಲಿ ಇವರೊಬ್ಬರೇ.

ಅವರ ನಿವೃತ್ತಿಯ ಸಂದರ್ಭದಲ್ಲಿ ಈ ಪುಸ್ತಕ ತರಬೇಕೆಂದು ನಮ್ಮ ಕೇಂದ್ರದ ಗೆಳೆಯರು ತೀರ್ಮಾನಿಸಿದಾಗ, ಇಪ್ಪತ್ತು ವರ್ಷ ಅವರ ಪಕ್ಕದ ಕೋಣೆಯಲ್ಲಿ ಫಿಜಿಯೋಥೆರಪಿ ಕೆಲಸ ಮಾಡಿದವಳು ಎಂಬ ಕಾರಣಕ್ಕೆ ನನಗೂ ಒಂದು ಲೇಖನ ಬರೆಯಲು ಹೇಳಿದರು. ಏನು ಬರೆಯಲಿ ಎಂದು ಮೇಡಂ ಅವರನ್ನೇ ಕೇಳಿದೆ. ಅವರು ಅರವನ್ನು ಕೆಳಗಿಟ್ಟು, ಕೈಗೆ ಮೆತ್ತಿದ್ದ ಪ್ಲಾಸ್ಟರ್ ಪುಡಿಯನ್ನು ಒರೆಸಿಕೊಂಡು, "ನನ್ನ ಬಗ್ಗೆ ಬರೆಯೋದೇ ಆದ್ರೆ ದಾಸಮ್ಮನ ಮಂಡಿ ವಿಷ್ಯ ಬರೀರಿ. ಅದನ್ನ ಬಿಟ್ಟು ಬೇರೆ ಎಷ್ಟ್ ಚೆನ್ನಾಗಿ ಬರೆದ್ರೂ ನಂಗೆ ಓದೋಕಾಗಲ್ಲ" ಎಂದರು.

ದಾಸಮ್ಮನ ಮಂಡಿಯನ್ನು ಉಳಿಸಲು ನಮ್ಮಿಂದ ಆಗಲಿಲ್ಲ. ಅಭಿನಂದನೆಯ ಪುಸ್ತಕದಲ್ಲಿ ಇದನ್ನು ಬರೆಯುವುದು ಉಚಿತವೇ ಎಂದು ಬಹಳ ದಿನ ಯೋಚಿಸಿದೆ. ಸನ್ಮಾನಿತರ ಮಾತನ್ನು ಮೀರಿ ಸನ್ಮಾನ ಮಾಡುವುದು ಸರಿಯಲ್ಲ ಎಂದು ಕೊನೆಗೆ ಬರೆಯಲು ಕೂತಿದ್ದೇನೆ.

ಹಫೀಜಾ ಮೇಡಂ ಹುಟ್ಟಿದ್ದು ಚನ್ನಪಟ್ಟಣದ ಬೊಂಬೆ ಕೆಲಸದ ಮನೆಯಲ್ಲಿ. ತಂದೆ ರಸೂಲ್ ಸಾಹೇಬರು ಹಾಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಉಳಿಯಿಂದ ದುಂಡಗೆ ಮಾಡಿ, ಅರಗಿನ ಬಣ್ಣ ಹಿಡಿಸುತ್ತಿದ್ದವರು. ಮಗಳು ಶಾಲೆಯಿಂದ ಬಂದೊಡನೆ, ತಿರುಗಿ ಮುಗಿದ ಬೊಂಬೆಗಳ ಮೇಲೆ ಬೆರಳಾಡಿಸಿ ತರಿ ಉಳಿದಿದೆಯೇ ಎಂದು ನೋಡಬೇಕಿತ್ತು. ಮಕ್ಕಳು ಬಾಯಿಗೆ ಹಾಕಿಕೊಳ್ಳುವ ವಸ್ತು, ಕಣ್ಣಿಗೆ ಕಾಣದ ತರಿಯೂ ಇರಕೂಡದು ಎನ್ನುವುದು ತಂದೆಯ ನಿಯಮ. ಸಾವಿರದ ಒಂಬೈನೂರ ತೊಂಬತ್ತೊಂದರಲ್ಲಿ ರಾಮನಗರದಲ್ಲಿ ಈ ಕೃತಕ ಅವಯವ ಕೇಂದ್ರ ಆರಂಭವಾದಾಗ ಪ್ಲಾಸ್ಟರ್ ಕಲಸುವ ಸಹಾಯಕಿಯಾಗಿ ಸೇರಿದ ಮೇಡಂ, ಮುಂದೆ ಬೆಂಗಳೂರಿನಲ್ಲಿ ತರಬೇತಿ ಪಡೆದು ತಂತ್ರಜ್ಞೆಯಾಗಿ ಮರಳಿದರು. ಮನೆಯವರು ಮದುವೆಯ ಮಾತೆತ್ತಿದಾಗ, ಕೆಲಸ ಬಿಡಿಸುವುದಿಲ್ಲ ಎಂದು ಗಂಡಿನ ಕಡೆಯವರಿಂದ ಮಾತು ಪಡೆದ ಮೇಲೆಯೇ ಒಪ್ಪಿಕೊಂಡರಂತೆ. ಇದನ್ನು ಅವರು ನನಗೆ ಹೇಳಿದ್ದು ಒಂದೇ ಒಂದು ಸಲ, ಅದೂ ನಗುತ್ತ.

ಕೃತಕ ಕಾಲೆಂದರೆ ನೋಡುವವರ ಕಣ್ಣಿಗೆ ಬೀಳುವುದು ಪಾದ. ಆದರೆ ಅದರ ಜೀವವಿರುವುದು ಮೇಲಿನ ಬಟ್ಟಲಿನಲ್ಲಿ. ಕತ್ತರಿಸಿದ ಮೇಲೆ ಉಳಿದ ಕಾಲು ಹೋಗಿ ಕೂರುವ ಆ ಬಟ್ಟಲನ್ನು ನಾವು ಸಾಕೆಟ್ ಎನ್ನುತ್ತೇವೆ. ದೇಹದ ಭಾರವೆಲ್ಲ ಇಳಿಯುವುದು ಅಲ್ಲಿಯೇ. ಮಂಡಿಚಿಪ್ಪಿನ ಕೆಳಗೆ ಭಾರ ತಾಳುವ ಜಾಗವಿದೆ. ಎಲುಬಿನ ಏಣು, ಕತ್ತರಿಸಿದ ತುದಿ, ಇವು ತಾಳುವುದಿಲ್ಲ. ಉಳಿದ ಕಾಲಿಗೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆದು, ಆ ಅಚ್ಚಿನಲ್ಲಿ ಎರಕ ಹೊಯ್ದು, ತಾಳುವ ಕಡೆ ಒಂದಿಷ್ಟು ಅರೆದು, ತಾಳದ ಕಡೆ ಒಂದಿಷ್ಟು ಮೆತ್ತಿ, ಅದರ ಮೇಲೆ ಕಾಯಿಸಿದ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿದರೆ ಸಾಕೆಟ್ ಆಗುತ್ತದೆ. ಎಷ್ಟು ಅರೆಯಬೇಕು, ಎಷ್ಟು ಮೆತ್ತಬೇಕು ಎನ್ನುವುದು ಕೈಯ ಅಂದಾಜು. ಮೇಡಂ ಅವರ ಅಂದಾಜು ತಪ್ಪುತ್ತಿದ್ದದ್ದು ಅಪರೂಪ. ಉಳಿದ ಕಾಲನ್ನು ಮೋಟುಗಾಲು ಎಂದು ಯಾರಾದರೂ ಅಂದರೆ ಅವರಿಗೆ ಸಿಟ್ಟು ಬರುತ್ತಿತ್ತು. "ಹೋಗಿದ್ದು ಹೋಯ್ತು. ಇದು ಉಳಿದಿರೋ ಕಾಲು. ಹಂಗೇ ಕರೀರಿ" ಎಂದು ಹೊಸದಾಗಿ ಸೇರಿದವರಿಗೆಲ್ಲ ಮೊದಲ ದಿನವೇ ಹೇಳುತ್ತಿದ್ದರು.

ನಾನು ಕೇಂದ್ರಕ್ಕೆ ಸೇರಿದ್ದು ಎರಡು ಸಾವಿರದ ನಾಲ್ಕರಲ್ಲಿ. ಆಗ ಮೇಡಂ ಹೆಣ್ಣು ರೋಗಿಗಳಿಗಾಗಿಯೇ ಹಿಂದಿನ ಕೋಣೆಯೊಂದನ್ನು ಬಿಡಿಸಿಕೊಂಡು, ಅದಕ್ಕೆ ಪರದೆ ಕಟ್ಟಿಸಿದ್ದರು. ತೊಡೆಯವರೆಗೆ ಸೀರೆ ಎತ್ತಬೇಕಾದ ಕಡೆ ಗಂಡಸರು ಓಡಾಡಿದರೆ ಹೆಂಗಸರು ನೋವನ್ನು ಹೇಳುವುದಿರಲಿ, ಉಸಿರನ್ನೂ ಬಿಡುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಮಾಗಡಿಯ ಕಡೆಯಿಂದ ಬೆಳಗಿನ ಬಸ್ಸಿಗೆ ಹೊರಟು ಬಂದವರಿಗೆ ತಮ್ಮ ಬುತ್ತಿಯಲ್ಲಿ ಪಾಲು ಕೊಡುತ್ತಿದ್ದರು. ಒಮ್ಮೆ ರೇಷ್ಮೆ ಬಿಚ್ಚುವ ಕೆಲಸದ ಅನೀಸಾ ಎಂಬ ಹುಡುಗಿ, ಮದುವೆಯ ದಿನ ಯಾರಿಗೂ ಕಾಣಬಾರದೆಂದು ಪ್ಲಾಸ್ಟಿಕ್ ಪಾದದ ಬಣ್ಣಕ್ಕೆ ಅಳುತ್ತಿದ್ದಾಗ, ತಂದೆಯ ಅರಗಿನ ಕಡ್ಡಿಗಳನ್ನು ಚನ್ನಪಟ್ಟಣದಿಂದ ತರಿಸಿ, ಆ ಪಾದಕ್ಕೆ ಮೆಹಂದಿಯ ಬಳ್ಳಿ ಬರೆದುಕೊಟ್ಟರು. ಇಂಥವು ಎಷ್ಟೋ ಇವೆ, ಈ ಪುಸ್ತಕದ ಉಳಿದ ಲೇಖನಗಳಲ್ಲಿ ಅವು ಬಂದಿರುತ್ತವೆ.

ಎರಡು ಸಾವಿರದ ಹದಿನಾರರಲ್ಲಿ ಬೆಂಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನವರು ತಮ್ಮ ಸಂಶೋಧನೆಗಾಗಿ ಒಂದು ಸಾಧನವನ್ನು ತಂದು ನಮ್ಮಲ್ಲಿ ಇಟ್ಟರು. ಕಾಗದದಷ್ಟು ತೆಳುವಾದ ಹಾಳೆ, ಅದರ ತುಂಬ ಚಿಕ್ಕ ಚಿಕ್ಕ ಚೌಕಗಳು, ಕೊನೆಯಲ್ಲಿ ತಂತಿ. ಹಾಳೆಯನ್ನು ಸಾಕೆಟ್ಟಿನ ಒಳಗೋಡೆಗೆ ಅಂಟಿಸಿ, ರೋಗಿ ನಡೆದರೆ, ಯಾವ ಚೌಕದ ಮೇಲೆ ಎಷ್ಟು ಒತ್ತಡ ಬಿತ್ತೆಂದು ಕಂಪ್ಯೂಟರಿನಲ್ಲಿ ಬಣ್ಣವಾಗಿ, ಅಂಕಿಯಾಗಿ ಕಾಣುತ್ತದೆ. ಕಡಿಮೆ ಇದ್ದರೆ ನೀಲಿ, ಹೆಚ್ಚಾದರೆ ಕೆಂಪು. ಮೇಡಂ ಮೊದಲ ದಿನ ಅದನ್ನು ನೋಡಿ, "ಇಪ್ಪತ್ತೈದು ವರ್ಷದಿಂದ ಇವರ ಬಾಯಿ ಬಿಡಿಸೋಕೆ ಒದ್ದಾಡ್ತಾ ಇದ್ದೆ. ಇದು ಕೇಳದೇನೇ ಹೇಳ್ಬಿಡುತ್ತಲ್ಲ" ಎಂದರು. ಕಾಲೇಜಿನವರ ಸಂಶೋಧನೆ ಮುಗಿದರೂ ಸಾಧನ ನಮ್ಮಲ್ಲಿಯೇ ಉಳಿಯಿತು. ಪ್ರತಿ ರೋಗಿಯನ್ನೂ ಮೂರು ತಿಂಗಳಿಗೊಮ್ಮೆ ಕರೆಸಿ ಅಳೆಯುವ ಪದ್ಧತಿಯನ್ನು ಮೇಡಂ ಆರಂಭಿಸಿದರು. ಆ ಅಂಕಿಗಳನ್ನು ನೋಡಿ ಅರೆದ ಸಾಕೆಟ್ಟುಗಳಿಂದ ಹುಣ್ಣುಗಳು ಕಡಿಮೆಯಾದದ್ದು ನಿಜ. ಅದು ಅವರ ಸೇವೆಯ ಬಹು ಸಂತೋಷದ ಕಾಲ.

ದಾಸಮ್ಮ ಬಂದದ್ದು ಎರಡು ಸಾವಿರದ ಹದಿನೆಂಟರ ಫೆಬ್ರವರಿಯಲ್ಲಿ. ಮಾಗಡಿ ತಾಲ್ಲೂಕು ಗುಡೇಮಾರನಹಳ್ಳಿಯವರು. ಕುರಿ ಸಾಕುವ ಮನೆ. ಸಕ್ಕರೆ ಕಾಯಿಲೆಯಿಂದ ಪಾದದ ಗಾಯ ಮಾಯದೆ, ಎಡಗಾಲನ್ನು ಮಂಡಿಯಿಂದ ಒಂದು ಗೇಣು ಕೆಳಗೆ ತೆಗೆದಿದ್ದರು. ವಯಸ್ಸು ನಲವತ್ತಾರು. ಜೊತೆಗೆ ಗಂಡ ಬೀರಲಿಂಗಯ್ಯ. ಸೊಂಟದ ನೋವಿನಿಂದ ಆತ ಗುಡ್ಡ ಹತ್ತುವುದನ್ನು ಬಿಟ್ಟಿದ್ದರಿಂದ, ನಲವತ್ತು ಕುರಿಗಳ ಹಿಂದೆ ಹೋಗುತ್ತಿದ್ದವರು ದಾಸಮ್ಮನೇ.

"ಮಂಡಿ ಐತಲ್ಲ, ಕುರಿ ಹಿಂದೆ ಹೋಗಬಹುದಾ ಹಫೀಜಕ್ಕ?" ಎಂಬುದು ಆಕೆ ಕೇಳಿದ ಮೊದಲ ಪ್ರಶ್ನೆ.

"ಮಂಡಿ ಇದ್ರೆ ಎಲ್ಲಾನೂ ಆಗುತ್ತೆ. ಕೂರೋಕೆ, ಏಳೋಕೆ, ಗುಡ್ಡ ಹತ್ತೋಕೆ ಎಲ್ಲಾದಕ್ಕೂ ಅದೇ ಬೇಕು. ಆ ಮಂಡೀನ ಕಾಪಾಡ್ಕೋಬೇಕು. ಎಲ್ಲಿ ಒಸಿ ಒತ್ತಿದ್ರೂ ನಂಗೆ ಹೇಳ್ಬೇಕು" ಎಂದರು ಮೇಡಂ.

ಬೀರಲಿಂಗಯ್ಯ ಪರದೆಯ ಆಚೆಯಿಂದಲೇ ನಕ್ಕರು. "ಇವ್ಳು ಯೋಳ್ತಾಳಾ ಮೇಡಮ್ಮಾರೆ? ಮುಳ್ಳು ಚುಚ್ಚುದ್ರೂ ಮುಳ್ಳಿಗೆ ನೋವಾಯ್ತೇನೋ ಅನ್ನೋಳು."

"ಸುಮ್ಕಿರಿ ನೀವು. ಸೊಂಟ ನೋವು ಅಂತ ಊರಿಗೆಲ್ಲ ಸಾರ್ಕೊಂಡು ಬಂದೋರು" ಎಂದರು ದಾಸಮ್ಮ. ಪರದೆಯ ಈಚೆ ಕೂತಿದ್ದ ಹೆಂಗಸರೆಲ್ಲ ನಕ್ಕರು.

ಆ ಕಾಲಿಗಾಗಿ ಮೇಡಂ ಪಟ್ಟ ಶ್ರಮವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಕ್ಕರೆ ಕಾಯಿಲೆಯಿಂದ ಆಕೆಯ ಚರ್ಮಕ್ಕೆ ಸ್ಪರ್ಶ ಅರ್ಧಕ್ಕರ್ಧ ಹೋಗಿತ್ತು. ಹೀಗಾಗಿ ಬಾಯಿಯ ಮಾತನ್ನು ನಂಬುವಂತಿರಲಿಲ್ಲ, ಅಳತೆಯನ್ನೇ ನಂಬಬೇಕಿತ್ತು. ಒಂದು ಸಾಕೆಟ್ ಮಾಡಿ, ಅಳೆದು, ಕೆಂಪು ಕಂಡದ್ದಕ್ಕೆ ಒಡೆದು ಹಾಕಿ, ಇನ್ನೊಂದು ಮಾಡಿದರು. ಮೂರನೆಯದರಲ್ಲಿ ಅಂಕಿಗಳು ಒಪ್ಪಿದವು. ಗುಡ್ಡ ಹತ್ತುವ ಕಾಲೆಂದು ಪಾದವನ್ನೂ ಬೇರೆ ಬಗೆಯದನ್ನು ತರಿಸಿದರು. ಮೊದಲ ದಿನ ನಡೆದಾಗ ದಾಸಮ್ಮ ಮೇಡಂ ಅವರ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡರು. "ನಿಮ್ಮ ಕೈಗೆ ಒಳ್ಳೇದಾಗ್ಲಿ ಕಣಕ್ಕ. ಇಂಥ ಕೈ ಯಾರ್ಗೈತೆ" ಎಂದರು.

ಶಸ್ತ್ರಚಿಕಿತ್ಸೆಯ ಬಳಿಕ ಉಳಿದ ಕಾಲು ವರ್ಷವೆರಡು ವರ್ಷ ಕುಗ್ಗುತ್ತ ಹೋಗುತ್ತದೆ, ಸಾಕೆಟ್ ಸಡಿಲವಾಗುತ್ತದೆ. ಅದನ್ನು ತುಂಬಲು ಕಾಲಿಗೆ ಹಾಕುವ ದಪ್ಪ ಕಾಲುಚೀಲಗಳನ್ನು ಕೊಡುತ್ತೇವೆ. ಸಡಿಲವಾದಂತೆ ಒಂದರ ಮೇಲೊಂದು ಹಾಕಬೇಕು; ಮೂರರ ಮೇಲೂ ಸಡಿಲವಾದರೆ ಹೊಸ ಸಾಕೆಟ್ ಮಾಡಬೇಕು. ದಾಸಮ್ಮನಿಗೂ ಇದನ್ನೆಲ್ಲ ಹೇಳಿ ಮೂರು ಚೀಲ ಕೊಟ್ಟಿದ್ದೆವು.

ಮುಂದಿನ ಎರಡು ವರ್ಷ ಆಕೆ ತಪ್ಪದೆ ಬಂದರು. ಪ್ರತಿ ಸಲವೂ ಸ್ನಾನ ಮಾಡಿ, ಒಳ್ಳೆಯ ಸೀರೆಯುಟ್ಟು, ಸಾಕೆಟ್ಟನ್ನು ಸೀಗೆಪುಡಿ ಹಾಕಿ ತೊಳೆದು, ಬಿಳಿ ಕಾಲುಚೀಲ ಹಾಕಿಕೊಂಡು. ಹಾಳೆ ಅಂಟಿಸಿ ಅಳೆದರೆ ನೀಲಿ, ಹಸಿರು, ಕೆಂಪಿನ ಸುಳಿವಿಲ್ಲ. "ಎಲ್ಲಾದ್ರೂ ಒತ್ತುತ್ತಾ?" ಎಂದರೆ, "ಏನೂ ಇಲ್ಲ ಕಣಕ್ಕ, ಹೂವಿನಂಗೈತೆ." ಎರಡು ಸಾವಿರದ ಹತ್ತೊಂಬತ್ತರ ಕೊನೆಯಲ್ಲಿ ಬಂದಾಗ ಮೇಡಂ ಆ ಕಾಲುಚೀಲಗಳನ್ನು ಕೈಗೆತ್ತಿಕೊಂಡು, ಕಾದು ಕೂತಿದ್ದ ಉಳಿದ ಹೆಂಗಸರಿಗೆ ತೋರಿಸಿದರು. "ನೋಡಿ, ಹೆಚ್ಚೂಕಮ್ಮಿ ಎರಡು ವರ್ಷ ಆಯ್ತು. ಹೊಸಾದರ ಹಂಗೆ ಇಟ್ಟಿದಾರೆ. ಕಾಲು ಅಂದ್ರೆ ಹಿಂಗೆ ಇಟ್ಕೋಬೇಕು." ದಾಸಮ್ಮ ನಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮುಂದಿನ ತಿಂಗಳಿಂದ ಬೇರೆ ಹೆಂಗಸರೂ ತೊಳೆದ ಕಾಲುಚೀಲಗಳಲ್ಲಿ ಬರತೊಡಗಿದರು. ನಮಗೆ ಅದು ಹೆಮ್ಮೆಯೆನಿಸಿತ್ತು.

ಎರಡು ವರ್ಷ ಕುರಿಯ ಹಿಂದೆ ಗುಡ್ಡ ಸುತ್ತಿದ ಕಾಲುಚೀಲ ಹೊಸದರ ಹಾಗೆ ಹೇಗಿರಲು ಸಾಧ್ಯ ಎಂದು ನಮ್ಮಲ್ಲಿ ಯಾರಿಗೂ ಅನ್ನಿಸಲಿಲ್ಲ.

ಅದೇ ದಿನ ಸಾಕೆಟ್ಟಿನ ತಳದಲ್ಲಿ ಒಂದು ಎಳೆ ಉಣ್ಣೆ ಅಂಟಿಕೊಂಡಿತ್ತು. ಕಂಡವಳು ನಾನು. ಬೆರಳಿನಿಂದ ತೆಗೆದು ಮೇಡಂ ಅವರಿಗೆ ತೋರಿಸಿದೆ. "ಕುರಿ ಸಾಕೋರ ಮನೇಲಿ ಉಣ್ಣೆ ಇಲ್ದೆ ರೇಷ್ಮೆ ಇರುತ್ತಾ?" ಎಂದರು ಅವರು. ದಾಸಮ್ಮನೂ ನಕ್ಕರು. ನಾನು ಅದನ್ನು ಕಸದ ಬುಟ್ಟಿಗೆ ಹಾಕಿದೆ.

ಎರಡು ಸಾವಿರದ ಇಪ್ಪತ್ತರ ಮಾರ್ಚಿನಲ್ಲಿ ಬಸ್ಸುಗಳು ನಿಂತವು. ಕೇಂದ್ರಕ್ಕೂ ಬಾಗಿಲು ಹಾಕಿದೆವು. ಮೇಡಂ ಮನೆಯಿಂದಲೇ ರೋಗಿಗಳಿಗೆ ಫೋನ್ ಮಾಡಿ ವಿಚಾರಿಸುತ್ತಿದ್ದರು. ಗುಡೇಮಾರನಹಳ್ಳಿಗೆ ಎರಡು ಸಲ ಮಾಡಿದಾಗಲೂ "ಚೆಂದಾಗಿವ್ನಿ ಕಣಕ್ಕ, ನೀವ್ ಉಷಾರು" ಎಂಬ ಉತ್ತರವೇ ಬಂತು. ಜುಲೈ ಎರಡನೆಯ ವಾರ, ಮತ್ತೆ ತೆರೆದಿದ್ದ ಕೇಂದ್ರದ ಮುಂದೆ ಒಂದು ಗೂಡ್ಸ್ ಆಟೋ ಬಂದು ನಿಂತಿತು. ಹಿಂದೆ ಕಂಬಳಿ ಹೊದ್ದು ದಾಸಮ್ಮ ಮಲಗಿದ್ದರು. ಜ್ವರ ಸುಡುತ್ತಿತ್ತು. ಕಾಲು ಬಿಚ್ಚಲು ಬಾರದೆ ಹಾಗೆಯೇ ಕರೆತಂದಿದ್ದರು.

ಮೇಡಂ ನೆಲದ ಮೇಲೆ ಕೂತು ಸಾಕೆಟ್ಟನ್ನು ಮೆಲ್ಲಗೆ ಕತ್ತರಿಸಿ ತೆಗೆದರು. ಒಳಗೆ ಕಾಲುಚೀಲ ಒಂದೂ ಇರಲಿಲ್ಲ. ತಳದಲ್ಲಿ ಒಂದು ಹಿಡಿ ಉಣ್ಣೆ ಇತ್ತು. ಬೆವರಿಗೂ ತುಳಿತಕ್ಕೂ ಸಿಕ್ಕಿದ ಉಣ್ಣೆ ಏನಾಗುತ್ತದೆಂದು ಕಂಬಳಿ ನೇಯುವವರಿಗೆ ಹೇಳಿಕೊಡಬೇಕಾಗಿಲ್ಲ. ಅದು ಎಲುಬಿನ ತುದಿಗೆ ಸರಿಯಾಗಿ, ಕಲ್ಲಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಅದರ ಮೇಲಿನ ಗಾಯವನ್ನು ನಾನಿಲ್ಲಿ ವಿವರಿಸುವುದಿಲ್ಲ.

"ಯಾವಾಗಿಂದ ಇದನ್ನ ಹಾಕ್ತಿದೀರಾ?" ಎಂದರು ಮೇಡಂ. ದನಿ ಏರಲಿಲ್ಲ.

ದಾಸಮ್ಮ ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡರು. ಬೀರಲಿಂಗಯ್ಯ ಹೇಳಿದರು: "ಮೊದಲ್ನೇ ವರ್ಸದಿಂದ್ಲೇ ಮೇಡಮ್ಮಾರೆ. ಸಡಿಲ ಆಯ್ತು ಅಂತ. ಇಲ್ಲಿಗೆ ಬರೋ ದಿನ ತೆಗೆದು, ತೊಳದು, ನೀವ್ ಕೊಟ್ಟಿದ್ ಚೀಲ ಹಾಕ್ಕೊಂಡು ಬರೋಳು. ಆ ಚೀಲಾನ ಟ್ರಂಕ್‌ನಾಗೆ ಮಡಿಸಿಟ್ಟವ್ಳೆ, ಸೀರೆ ಜೊತೆ."

ಬೆಂಗಳೂರಿನ ಆಸ್ಪತ್ರೆಯಲ್ಲಿ ಹದಿನೆಂಟು ದಿನ ವೈದ್ಯರು ಆ ಮಂಡಿಯನ್ನು ಉಳಿಸಲು ಪ್ರಯತ್ನಿಸಿದರು. ಸಾಂಕ್ರಾಮಿಕದ ಭಯದ ಆ ದಿನಗಳಲ್ಲಿ ಒಳಗೆ ಬಿಡುತ್ತಿದ್ದದ್ದು ಒಬ್ಬರನ್ನು ಮಾತ್ರ. ಬೀರಲಿಂಗಯ್ಯ ಒಳಗಿದ್ದರೆ ಮೇಡಂ ಗೇಟಿನ ಹೊರಗೆ ಕಾಯುತ್ತಿದ್ದರು. ಆತ ಊಟಕ್ಕೆ ಹೊರಬಂದರೆ ತಾವು ಒಳಗೆ ಹೋಗುತ್ತಿದ್ದರು. ದಿನವೂ ವೈದ್ಯರನ್ನು ಅವರು ಕೇಳುತ್ತಿದ್ದದ್ದು ಒಂದೇ ಮಾತು, ಮಂಡಿ ಉಳಿಯುತ್ತದೆಯೇ ಎಂದು. ಹನ್ನೆರಡನೆಯ ದಿನ ಗಾಯ ಸ್ವಲ್ಪ ಕೆಂಪಾಗಿದೆ, ಜೀವವಿದೆ ಎಂದರಂತೆ. ಆ ಸಂಜೆ ನನಗೆ ಫೋನ್ ಮಾಡಿ, ಹೊಸ ಸಾಕೆಟ್ಟಿಗೆ ಎಲ್ಲಿ ಎಷ್ಟು ಅರೆಯಬೇಕು ಎಂದು ಲೆಕ್ಕ ಹೇಳುತ್ತ ಹೋದರು. ನಾನು ಬರೆದುಕೊಂಡೆ. ಹದಿನೆಂಟನೆಯ ದಿನ ಸೋಂಕು ಮೇಲಕ್ಕೇರಿದೆ, ಜೀವ ಉಳಿಯಬೇಕಾದರೆ ತೊಡೆಯಲ್ಲಿ ತೆಗೆಯಬೇಕು ಎಂದರು. ತೆಗೆದರು.

ಒಂದು ವಾರದ ಮೇಲೆ ನಾನೂ ಹೋಗಿದ್ದೆ; ಕೇಂದ್ರದವರೆಂದು ಆ ದಿನ ಇಬ್ಬರನ್ನೂ ಒಳಗೆ ಬಿಟ್ಟರು. ಮೇಡಂ ಹಾಸಿಗೆಯ ಪಕ್ಕದಲ್ಲಿ ನಿಂತು, ಬಹಳ ಕಷ್ಟಪಟ್ಟು, "ಯಾಕೆ ದಾಸಮ್ಮ, ಸಡಿಲ ಆಗಿದೆ ಅಂತ ಒಂದು ಮಾತು ನಂಗೆ ಹೇಳ್ಬಾರ್ದಿತ್ತಾ?" ಎಂದು ಕೇಳಿದರು.

ದಾಸಮ್ಮ ಗೋಡೆಯ ಕಡೆ ನೋಡುತ್ತ ಹೇಳಿದರು. "ನೀವು ಮೂರ್ ಸತಿ ಒಡ್ದು ಒಡ್ದು ಮಾಡುದ್ರಿ. ನಿಮ್ ಬುತ್ತೀಲಿ ನಂಗ್ ಉಣ್ಣಕ್ಕಿಕ್ಕುದ್ರಿ. ಸಡಿಲ ಆಯ್ತು ಅಂದ್ರೆ ನಿಮ್ ಕೈಗೆ ಹೆಸ್ರಿಟ್ಟಂಗಾಯ್ತದೆ ಅಂತ ಸುಮ್ಕಾದೆ. ಆಮೇಲೆ ನೀವು ಅಷ್ಟ್ ಜನದ ಮುಂದೆ ನನ್ ಹೊಗಳ್ಬುಟ್ರಿ. ಇನ್ ಯೆಂಗ್ ಯೋಳ್ಲಿ?"

ಮೇಡಂ ಆಕೆಯ ಹೊದಿಕೆಯನ್ನು ಸರಿಪಡಿಸಿ ಹೊರಬಂದರು. ಬಸ್ಸಿನಲ್ಲಿ ಹಿಂದಿರುಗುವಾಗ ನಾನು ಸಮಾಧಾನ ಹೇಳಲು ಹೋಗಿ ಬಿಟ್ಟೆ. ಒಬ್ಬರ ಒಳ್ಳೆಯತನವನ್ನು ಹೊಗಳಲೆಂದು ಇಂಥ ಪುಸ್ತಕಗಳನ್ನು ತರುತ್ತೇವೆ. ಆ ಒಳ್ಳೆಯತನದ ಭಾರವೂ ಇನ್ನೊಬ್ಬರ ಮೇಲೆ ಬೀಳುತ್ತದೆ, ಅವರ ಬಾಯನ್ನು ಕಟ್ಟುತ್ತದೆ ಎಂದು ನಾನು ಅದುವರೆಗೆ ಯೋಚಿಸಿದವಳಲ್ಲ. ಹೆಣ್ಣುಮಕ್ಕಳು ಕೆಟ್ಟವರ ಮುಂದೆ ಭಯಕ್ಕೆ ಸುಮ್ಮನಿರುತ್ತಾರೆ ಎಂದು ಎಲ್ಲರಿಗೂ ಗೊತ್ತು. ಒಳ್ಳೆಯವರ ಮುಂದೆ ಋಣಕ್ಕೆ ಸುಮ್ಮನಿರುತ್ತಾರೆ. ನಾನೂ ಹಾಗೆ ಸುಮ್ಮನಿದ್ದದ್ದುಂಟು. ನನ್ನ ಅತ್ತೆ ಬಹಳ ಒಳ್ಳೆಯವರಾಗಿದ್ದರು.

ಆ ವರ್ಷದ ಕೊನೆಯಿಂದ ಮೇಡಂ ಅವರ ಕೆಲಸದ ರೀತಿಯೇ ಬದಲಾಯಿತು. ಮೊದಲು ಮಾಡಿದ್ದು ಕೇಂದ್ರದ ಬಾಗಿಲಿಗೆ ಒಂದು ಫಲಕ ಬರೆಸಿದ್ದು: ಕಾಲು, ಕಾಲುಚೀಲ, ಸಾಕೆಟ್ ತೊಳೆದು ಬರಬೇಡಿ. ಕೆಲಸಕ್ಕೆ ಹೋಗುವಾಗ ಹೇಗಿರುತ್ತದೋ ಹಾಗೆಯೇ ಬನ್ನಿ. ಕೆಂಪಾಪುರದ ಮುನಿರಾಮಯ್ಯ ಎಂಬ ಹಿರಿಯರು ಅದನ್ನು ಎರಡು ಸಲ ಓದಿ ಒಳಗೆ ಬಂದು, "ಮೇಡಮ್ಮಾರೆ, ಬೋರ್ಡ್ ಬರೆದೋನು ತಪ್ಪು ಬರ್ದವ್ನೆ. ತೊಳ್ಕೊಂಡ್ ಬನ್ನಿ ಅಂತ ಇರ್ಬೇಕಿತ್ತು" ಎಂದರು. ಮೇಡಂ ಅವರನ್ನು ಕೂರಿಸಿ, ಅವರ ಸಾಕೆಟ್ಟಿನೊಳಗೆ ಕೈಹಾಕಿ, ಮಡಿಸಿಟ್ಟಿದ್ದ ಬೀಡಿ ಕಟ್ಟಿನ ಕಾಗದವೊಂದನ್ನು ಹೊರತೆಗೆದರು. ಮುನಿರಾಮಯ್ಯ ತಲೆ ಕೆರೆದುಕೊಂಡರು.

ಎರಡನೆಯದು, ಅವರು ಹೇಳದೆ ಕೇಳದೆ ಮನೆಗಳಿಗೇ ಹೋಗತೊಡಗಿದರು. ಅಳತೆಯ ಹಾಳೆ, ಕಂಪ್ಯೂಟರು, ಅಂಟುಪಟ್ಟಿ ಎಲ್ಲವನ್ನೂ ಒಂದು ದೊಡ್ಡ ಚೀಲದಲ್ಲಿ ಹಾಕಿಕೊಂಡು ವಾರಕ್ಕೆರಡು ದಿನ ಬಸ್ಸು ಹತ್ತುತ್ತಿದ್ದರು. ಕುದೂರಿನ ಸಂತೆಯಲ್ಲಿ ತರಕಾರಿ ಮಾರುವಾಕೆಯ ಒತ್ತಡವನ್ನು ಆಕೆ ಕುಕ್ಕರುಗಾಲಿನಲ್ಲಿ ಕೂತು ತೂಗುತ್ತಿರುವಾಗಲೇ ಅಳೆದರು. ರಾಮನಗರದಲ್ಲಿ ರೇಷ್ಮೆ ಗೂಡು ಬೇಯುವ ಬಿಸಿನೀರಿನ ಪಕ್ಕ ದಿನವಿಡೀ ನಿಂತ ಕಾಲು ಮಧ್ಯಾಹ್ನದ ಹೊತ್ತಿಗೆ ಎಷ್ಟು ಊದುತ್ತದೆ, ಬೆಳಿಗ್ಗೆ ನೀಲಿಯಿದ್ದ ಚೌಕ ಆಗ ಹೇಗೆ ಕೆಂಪಾಗುತ್ತದೆ ಎಂಬುದನ್ನು ಬರೆದಿಟ್ಟರು. ಕೇಂದ್ರದ ನುಣ್ಣನೆಯ ನೆಲದ ಮೇಲೆ ಬೆಳಗಿನ ಹೊತ್ತು ಅಳೆದ ನಮ್ಮ ನಾಲ್ಕು ವರ್ಷದ ಅಂಕಿಗಳಲ್ಲಿ ಎಷ್ಟೋ ಅಂಕಿಗಳು ಯಾರ ಬದುಕಿನವೂ ಅಲ್ಲ ಎಂದು ಆಗ ತಿಳಿಯಿತು. ಈಗ ಹೊಸದಾಗಿ ಬರುವ ತಂತ್ರಜ್ಞರಿಗೆ ನಮ್ಮ ಕೇಂದ್ರದಲ್ಲಿ ಕಲಿಸುವುದು ಈ ಪದ್ಧತಿಯನ್ನೇ.

ಮೂರನೆಯದನ್ನು ನೋಡಿ ನಾನು ಮೊದಲಿಗೆ ಗಾಬರಿಯಾದೆ. ರೋಗಿಗಳ ಮುಂದೆ ಅವರು ತಮ್ಮ ಕೆಲಸವನ್ನು ತಾವೇ ಹಳಿಯತೊಡಗಿದರು. "ಈ ಕಾಲು ಚೆನ್ನಾಗಿ ಬಂದಿಲ್ಲ. ಎಲ್ಲೋ ಕೆಡಿಸಿದೀನಿ. ಎಲ್ಲಿ ಅಂತ ನೀವೇ ಹುಡುಕಿಕೊಡಿ." ಕನಕಪುರದ ಒಬ್ಬಾಕೆ ಹೆದರಿ ನನ್ನ ಬಳಿ ಬಂದು, "ಚೆನ್ನಾಗಿ ಮಾಡೋರು ಬೇರೆ ಯಾರೂ ಇಲ್ವಾ ಇಲ್ಲಿ?" ಎಂದು ಪಿಸುಗುಟ್ಟಿದರು. ಮೇಡಂಗೆ ಹೇಳಿದೆ. "ಹಂಗೆ ಕೇಳೋ ಧೈರ್ಯ ಬಂತಲ್ಲ" ಎಂದರು. ನಗಲಿಲ್ಲ. ಬುತ್ತಿ ಹಂಚುವುದನ್ನೂ ಅವರು ಆಗಲೇ ನಿಲ್ಲಿಸಿದರು. ಕಾರಣ ನನಗೆ ಗೊತ್ತಿತ್ತು, ಕೇಳಲಿಲ್ಲ. ಪರದೆಯ ಹಿಂದಿನ ಆ ಕೋಣೆ ಮೊದಲಿಗಿಂತ ಮೌನವಾಯಿತು.

ಮೂವತ್ತು ವರ್ಷ ರೋಗಿಗಳ ಮುಂದೆ ಮಂಡಿಯೂರಿ ಕೂತ ಮೇಡಂ ಅವರ ಮಂಡಿಗಳೂ ಅಷ್ಟರಲ್ಲಿ ಸವೆದಿದ್ದವು. ಬಸ್ಸಿನ ಮೆಟ್ಟಿಲು ಹತ್ತುವಾಗ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಹೇಗಿದೆ ಎಂದು ಕೇಳಿದರೆ, ಏನೂ ಇಲ್ಲ ಎನ್ನುತ್ತಿದ್ದರು.

ದಾಸಮ್ಮನಿಗೆ ತೊಡೆಯ ಮೇಲಿನಿಂದ ಹಾಕುವ ಕಾಲನ್ನು ಅವರು ಮೂರು ಸಲ ಮಾಡಿದರು. ಯಂತ್ರದ ಮಂಡಿ ಇರುವ, ಭಾರದ ಕಾಲು. ಸಮನೆಲದಲ್ಲಿ ಹತ್ತು ಹೆಜ್ಜೆ ನಡೆಯಬಹುದು, ಗುಡ್ಡ ಹತ್ತಲಾಗದು, ನೆಲಕ್ಕೆ ಕೂತರೆ ಒಬ್ಬರೇ ಏಳಲಾಗದು. ಕುರಿಗಳನ್ನು ಬೀರಲಿಂಗಯ್ಯನ ತಮ್ಮ ತನ್ನ ಮಂದೆಗೆ ಸೇರಿಸಿಕೊಂಡ. ದಾಸಮ್ಮ ಜಗಲಿಯ ಮೇಲಿದ್ದುಕೊಂಡು, ಬೆಳಿಗ್ಗೆ ಹೋಗುವ ಕುರಿಗಳನ್ನೂ ಸಂಜೆ ಬರುವ ಕುರಿಗಳನ್ನೂ ಎಣಿಸುತ್ತಿದ್ದರು. ಮೇಡಂ ತಿಂಗಳಿಗೊಮ್ಮೆ ಚೀಲ ಹೊತ್ತು ಹೋಗಿ, ಆ ಕಾಲನ್ನು ಹಾಕಿಸಿ, ಅಳೆದು, ಎಲ್ಲಿ ಒತ್ತುತ್ತದೆ ಎಂದು ಕೇಳಿ, ಕೊಂಚ ಅರೆದು ಬರುತ್ತಿದ್ದರು. ಅವರು ಬಂದುಹೋದ ಮೇಲೆ ಕಾಲು ಮತ್ತೆ ಮೂಲೆ ಸೇರುತ್ತಿತ್ತು. ನಾಲ್ಕು ವರ್ಷ ಹೀಗೆಯೇ ನಡೆಯಿತು.

ಕಳೆದ ತಿಂಗಳು, ಸೇವೆಯ ಕೊನೆಯ ವಾರದಲ್ಲಿ, ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಚೀಲದಲ್ಲಿ ಹಗುರ ಪ್ಲಾಸ್ಟಿಕ್ಕಿನ ಹೊಸ ಸಾಕೆಟ್ ಇತ್ತು. ಜಗಲಿಯ ಮೇಲೆ ಅದನ್ನು ಬಿಚ್ಚಿಟ್ಟು, "ಇದು ಒಸಿ ಹಗುರ ಬಂದಿದೆ ದಾಸಮ್ಮ. ಚೆನ್ನಾಗೇನೂ ಮಾಡಿಲ್ಲ. ಎಲ್ಲಿ ಕೆಟ್ಟಿದೆ ನೋಡಿ ಹೇಳಿ" ಎಂದರು.

ದಾಸಮ್ಮ ಅದನ್ನು ಮುಟ್ಟಲಿಲ್ಲ. "ಹಫೀಜಕ್ಕ, ಒಂದ್ ಮಾತ್ ಯೋಳ್ತೀನಿ, ಬ್ಯಾಸ್ರ ಮಾಡ್ಕೋಬೇಡಿ."

"ಹೇಳಿ."

"ನೀವು ಅಲ್ಲಿ ಹಾದೀಲಿ ಬತ್ತಾ ಇದ್ರೆ ನಂಗೆ ಮೊದ್ಲು ಕಾಣೋದು ಈ ಚೀಲ. ಅದನ್ನ ಕಂಡ್ರೆ ಎದೆ ಹೊಡ್ಕೊತದೆ. ಇವತ್ತೂ ಹಾಕ್ಕೊಂಡು ನಡೀಬೇಕು, ಇವತ್ತೂ ನಿಮ್ ಮೊಕ ನೋಡ್ಬೇಕು ಅಂತ. ಈ ಕಾಲು ನಂಗೆ ಬ್ಯಾಡ ಕಣಕ್ಕ. ಅದು ನಿಮಗೂ ಗೊತ್ತು. ಇನ್ಮೇಲೆ ತರ್ಬೇಡಿ."

ಮೇಡಂ ಸಾಕೆಟ್ಟಿನ ಅಂಚಿನ ಮೇಲೆ ಬೆರಳಾಡಿಸಿ, "ಹಂಗಾದ್ರೆ ನಾನು ಯಾಕೆ ಬರ್ಲಿ?" ಎಂದರು.

"ಯಾಕೆ ಅಂದ್ರೆ? ಸುಮ್ಕೆ ಬನ್ನಿ" ಎಂದರು ದಾಸಮ್ಮ.

ಎರಡು ವರ್ಷ "ಏನೂ ಇಲ್ಲ" ಎಂದು ಸುಳ್ಳು ಹೇಳಿ ಮಂಡಿ ಕಳೆದುಕೊಂಡ ಹೆಂಗಸು ಅವರ ಮುಂದೆ ಬೇಡ ಎಂದ ಮೊದಲ ಮಾತು ಅದು. ಮೇಡಂ ಸಾಕೆಟ್ಟನ್ನು ಮತ್ತೆ ಚೀಲಕ್ಕೆ ಹಾಕಿದರು. ಬೀರಲಿಂಗಯ್ಯ ತಂದುಕೊಟ್ಟ ಮಜ್ಜಿಗೆಯನ್ನು ಮೂವರೂ ಕುಡಿದೆವು. ಅಳೆಯುವ ಕೆಲಸವಿಲ್ಲದೆ ಅವರಿಬ್ಬರೂ ಎದುರೆದುರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಏನು ಮಾತಾಡಬೇಕೆಂದು ಇಬ್ಬರಿಗೂ ತೋಚಲಿಲ್ಲ. ಮಳೆ, ಬೆಲ್ಲ, ಮಗಳ ಮನೆ ಎಂದು ಏನೇನೋ ಆಡಿ ಬಸ್ಸಿನ ಹೊತ್ತಾಯಿತು.

ಅಳತೆಯ ಹಾಳೆಯನ್ನೂ ಮನೆಗಳ ಪಟ್ಟಿಯನ್ನೂ ಮೇಡಂ ನಮ್ಮ ಕಿರಿಯ ತಂತ್ರಜ್ಞೆ ಶಿವಲಕ್ಷ್ಮಿಗೆ ಒಪ್ಪಿಸಿದ್ದಾರೆ. ಅವರು ಆರಂಭಿಸಿದ ಕೆಲಸ ನಿಲ್ಲುವುದಿಲ್ಲ. ಚನ್ನಪಟ್ಟಣದ ಮನೆಯಲ್ಲಿ ಕೂತು ಆ ಅಂಕಿಗಳನ್ನೆಲ್ಲ ಒಂದು ಪುಸ್ತಕವಾಗಿ ಬರೆಯಬೇಕೆಂದು ನಾವೆಲ್ಲ ಕೇಳಿಕೊಂಡಿದ್ದೇವೆ, ಬರೆಯುತ್ತೇನೆ ಎಂದಿದ್ದಾರೆ. ಅವರ ಬೆರಳುಗಳಿಗೆ ಗೊತ್ತಿರುವುದು ಬರೆಹಕ್ಕೆ ಬರಲಿ, ಮಂಡಿಗಳ ನೋವು ತಗ್ಗಲಿ, ಆ ನೋವನ್ನು ಅವರು ಯಾರ ಮುಂದಾದರೂ ಹೇಳಿಕೊಳ್ಳಲಿ, ನೂರು ವರ್ಷ ನಮ್ಮ ನಡುವೆ ಇರಲಿ ಎಂದು ಹಾರೈಸುತ್ತೇನೆ.

ಈ ಲೇಖನವನ್ನು ಮುಗಿಸುವ ಹೊತ್ತಿಗೆ, ಹೋದ ಗುರುವಾರ, ಅವರು ಮಾಗಡಿಯ ಬಸ್ಸಿನಿಂದ ಫೋನ್ ಮಾಡಿದರು. ನಿವೃತ್ತರಾದ ಮೇಲೆ ಗುಡೇಮಾರನಹಳ್ಳಿಗೆ ಹೊರಟದ್ದು ಅದೇ ಮೊದಲು. "ಏನೂ ತಂದಿಲ್ಲ ಕಣ್ರೀ" ಎಂದರು. "ಕೂತಿದೀನಿ. ಈ ಕೈ ಎಲ್ಲಿಟ್ಕೋಬೇಕು ಅಂತಾನೇ ಗೊತ್ತಾಗ್ತಿಲ್ಲ."

ಆಮೇಲೆ ಊರು ಬಂತು, ಇಳಿಯಬೇಕು ಎಂದು ಫೋನ್ ಇಟ್ಟರು.